ನಮ್ಮ ಕಾಳಿಯ ಕಾಯಿಲೆ

ನಮ್ಮ ಸಂಘದ ಪತ್ರಿಕೆಯ ಸಂಪಾದಕರು ಶಾಸನಗಳ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿ ಮೂರು ತಿಂಗಳಾಯಿತು. ಮೂವತ್ತು ವರ್ಷಕಾಲ ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸಿ ನಿವೃತ್ತನಾದವನಿಂದ ಅವರು ಬೇರೇನನ್ನು ಅಪೇಕ್ಷಿಸಿಯಾರು? ನಾನು ಒಪ್ಪಿಕೊಂಡದ್ದೂ ನಿಜ, ಟಿಪ್ಪಣಿಗಳನ್ನು ಮಾಡಿಕೊಂಡದ್ದೂ ನಿಜ. ಆದರೆ ಈ ಮೂರು ತಿಂಗಳಲ್ಲಿ ನನ್ನ ಬುದ್ಧಿಯೆಲ್ಲವೂ ಒಂದು ನಾಯಿಯ ಮೂತ್ರದ ಸುತ್ತ ಸುತ್ತುತ್ತಿದ್ದುದರಿಂದ, ಬರೆಯಲು ಕುಳಿತಾಗ ಲೇಖನಿಯಿಂದ ಇಳಿದುದೂ ಅದೇ. ವಿಷಯವು ಸಭ್ಯವಲ್ಲವೆಂದು ತೋರಿದವರು ಪುಟವನ್ನು ಮಗುಚಿದರೆ ನನಗೆ ಬೇಸರವಿಲ್ಲ. ಮಕ್ಕಳನ್ನು ಸಾಕಿದವರು, ಮುದುಕರನ್ನು ನೋಡಿಕೊಂಡವರು ಹಾಗೆ ಮಗುಚಲಾರರೆಂದು ನಂಬಿದ್ದೇನೆ.

ಶಾಸನಕ್ಕೂ ಈ ನಾಯಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರನು ಪರಾಕ್ರಮವನ್ನು ತೋರಿದನು. ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಆತನು ಬೇಡಿದುದು ಕಾಳಿಯೆಂಬ ಒಂದು ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆಂದು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗಾಗಿ ಭೂಮಿಯನ್ನೂ ಬಿಟ್ಟರು. ಎರಡು ಪ್ರಾಣಿಗಳೂ ಕಾದಾಡುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಲ್ಕು ವರ್ಷಗಳ ಹಿಂದೆ ಒಂದು ಮಳೆಯ ಸಂಜೆ ನಮ್ಮ ಜಗಲಿಯ ಮೂಲೆಗೆ ಬಂದು ನಡುಗುತ್ತ ಕುಳಿತ ಕರಿಯ ಹೆಣ್ಣುಮರಿಗೆ ನಾನು ಇಟ್ಟುದು ಆ ಹೆಸರನ್ನು. ದೇವಿಯ ಹೆಸರನ್ನು ನಾಯಿಗೆ ಇಡಬಹುದೆ ಎಂದು ಬೀದಿಯವರು ಕೇಳಿದಾಗಲೆಲ್ಲ ನಾನು ಸಾವಿರ ವರ್ಷಗಳ ಹಿಂದಿನ ಆಧಾರವನ್ನು ಒದಗಿಸುತ್ತ ಬಂದಿದ್ದೇನೆ. ಅವರಿಗೆ ಅದು ಒಪ್ಪಿಗೆಯಾಗಿದೆಯೋ, ಮತ್ತೆ ಕೇಳಿದರೆ ಇವನು ಮತ್ತೆ ಹೇಳಿಯಾನೆಂಬ ಭಯದಿಂದ ಸುಮ್ಮನಾಗಿದ್ದಾರೆಯೋ ತಿಳಿಯದು.

ಮನೆಯಲ್ಲಿ ನಾವು ಮೂವರು: ಎಂಬತ್ತಾರು ವರ್ಷದ ನನ್ನ ತಾಯಿಯವರು, ನನ್ನ ಪತ್ನಿ, ನಾನು. ತಾಯಿಯವರು ಮಡಿಯಲ್ಲಿ ಬಾಳಿದವರು. ಮರಿಯು ಮನೆಯೊಳಕ್ಕೆ ಬರುವ ಪ್ರಸ್ತಾಪ ಎದ್ದಾಗ ನಾನು ಧರ್ಮರಾಯನ ಹಿಂದೆ ಹೋದ ನಾಯಿಯ ಕಥೆಯನ್ನು ತೆಗೆದೆ. ಅವರು ಒಂದು ಕ್ಷಣವೂ ತಡೆಯದೆ, "ಅದು ಸ್ವರ್ಗದ ಬಾಗಿಲವರೆಗೆ ಮಾತ್ರ ನಾಯಿಯಾಗಿತ್ತು ಕಣೋ. ಒಳಕ್ಕೆ ಹೋಗುವಾಗ ಯಮಧರ್ಮನಾಯಿತು. ನಿನ್ನದು ಆಗುವ ತನಕ ತಲೆಬಾಗಿಲಲ್ಲೇ ಇರಲಿ" ಎಂದರು. ಮಹಾಭಾರತವನ್ನು ಅವರೊಡನೆ ಚರ್ಚಿಸಬಾರದೆಂಬುದನ್ನು ನಾನು ಬಾಲ್ಯದಲ್ಲಿಯೇ ಕಲಿತಿರಬೇಕಾಗಿತ್ತು. ಅಂತೂ ಆರು ತಿಂಗಳಲ್ಲಿ ಕಾಳಿ ತಲೆಬಾಗಿಲಿನಿಂದ ನಡುಮನೆಗೆ ಬಂದಿತು; ದೇವರಮನೆಯ ಮತ್ತು ಅಡಿಗೆಮನೆಯ ಹೊಸಲುಗಳನ್ನು ಮಾತ್ರ ದಾಟಲಿಲ್ಲ. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿ ದಣಿದೊಡನೆ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅಲ್ಲಿ ಮುಗಿಸಿದೊಡನೆ ಒಂದು ಚೂರು ರೊಟ್ಟಿಯನ್ನು ಕೊಡುತ್ತ ಬಂದುದರಿಂದ ಎರಡೇ ತಿಂಗಳಲ್ಲಿ ಅದಕ್ಕೆ ಹಿತ್ತಿಲ ಅಭ್ಯಾಸವಾಗಿತ್ತು. ಆಮೇಲೆ ಮೂರು ವರ್ಷಕ್ಕೂ ಮೇಲ್ಪಟ್ಟು ಒಂದು ಹನಿಯೂ ಮನೆಯೊಳಗೆ ಬಿದ್ದುದಿಲ್ಲ.

ನಮ್ಮ ತಂದೆಯವರು ಕಟ್ಟಿಸಿದ ಈ ಮನೆಯ ನಡುಮನೆಗೆ ಕೆಂಪು ಸಿಮೆಂಟಿನ ನೆಲ. ಎಷ್ಟೋ ವರ್ಷಗಳ ಒರಸುವಿಕೆಯಿಂದ ಅದು ಕನ್ನಡಿಯಂತಾಗಿದೆ. ತಾಯಿಯವರಿಗೆ ಆ ನೆಲವೆಂದರೆ ತಂದೆಯವರ ನೆನಪು.

ಈ ವರ್ಷದ ಬೇಸಗೆಯ ಕೊನೆಯಲ್ಲಿ ಕಾಳಿ ಊಟವನ್ನು ಬಿಟ್ಟಿತು. ಎರಡನೆಯ ದಿನ ಮೈ ಬಿಸಿಯಾಯಿತು. ಮೂರನೆಯ ದಿನ ಹೊಟ್ಟೆಯ ತೊಗಲಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಪಶುವೈದ್ಯರು ಹೆಂಗಸು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಅವರು ಕಿವಿಯ ಒಳಮಗ್ಗುಲನ್ನು ತಿರುಗಿಸಿ ನೋಡಿ ಎರಡು ಉಣ್ಣೆಗಳನ್ನು ಕಿತ್ತು ತೋರಿಸಿದರು. ಜ್ವರ 104 ಡಿಗ್ರಿ ಇತ್ತು. ನಾಯಿಗೆ ಸಹಜವಾದುದು 101ರಿಂದ 102.5ರವರೆಗೆ. ರಕ್ತವನ್ನು ಪರೀಕ್ಷಿಸಿದಾಗ, ಲಕ್ಷಗಳಲ್ಲಿ ಇರಬೇಕಾದ ಪ್ಲೇಟ್‌ಲೆಟ್ ಕಣಗಳು ಇಪ್ಪತ್ತೆರಡು ಸಾವಿರಕ್ಕೆ ಇಳಿದಿದ್ದವು. ಇದನ್ನು ಉಣ್ಣೆಜ್ವರವೆನ್ನುತ್ತಾರೆ. ಎರ್ಲಿಕಿಯ ಎಂಬ ಸೂಕ್ಷ್ಮಜೀವಿಯು ಕಂದು ಉಣ್ಣೆಯ ಕಡಿತದಿಂದ ನಾಯಿಯ ರಕ್ತವನ್ನು ಸೇರಿ ಬಿಳಿಯ ಕಣಗಳೊಳಗೆ ಮನೆಮಾಡುತ್ತದೆ. ಇದನ್ನು ಮೊದಲು ಗುರುತಿಸಿದುದು ಆಲ್ಜೀರಿಯದಲ್ಲಿ, 1935ರಲ್ಲಿ. ಆ ಉಣ್ಣೆಯಾದರೋ ಗೋಡೆಯ ಬಿರುಕುಗಳಲ್ಲಿ, ಬಾಗಿಲುವಾಡದ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವ ಪ್ರಾಣಿ. ಹಳೆಯ ಮನೆಯೆಂದರೆ ಅದಕ್ಕೆ ಅರಮನೆ.

ಔಷಧ ಎರಡು ಬಗೆ. ಸೂಕ್ಷ್ಮಜೀವಿಯನ್ನು ಕೊಲ್ಲುವುದಕ್ಕೆ ಡಾಕ್ಸಿಸೈಕ್ಲಿನ್, 28 ದಿನ ತಪ್ಪದೆ, ಊಟದ ಬಳಿಕ. ಕಾಳಿಗೆ ಪ್ರಾಣವಾದ ಮೊಸರನ್ನವನ್ನು ಮಾತ್ರೆಯ ಹೊತ್ತಿಗೆ ಕೊಡಕೂಡದೆಂದರು. ದೇಹವು ತನ್ನ ಪ್ಲೇಟ್‌ಲೆಟ್ ಕಣಗಳನ್ನು ತಾನೇ ನಾಶಮಾಡಿಕೊಳ್ಳುತ್ತಿದ್ದುದರಿಂದ, ಅದನ್ನು ತಡೆಯುವುದಕ್ಕೆ ಕೆಲವು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನೂ ಬರೆದುಕೊಟ್ಟರು. "ಇದರಿಂದ ನೀರು ಹೆಚ್ಚಾಗಿ ಕುಡಿಯುತ್ತೆ ಸಾರ್, ನೋಡಿಕೊಳ್ಳಿ" ಎಂದೂ ಹೇಳಿದ್ದರು. ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳುವುದಕ್ಕೂ ತಿಳಿದುಕೊಳ್ಳುವುದಕ್ಕೂ ಇರುವ ದೂರ ಮೂವತ್ತು ವರ್ಷ ಪಾಠ ಹೇಳಿದವನಿಗೆ ಗೊತ್ತಿರಬೇಕಷ್ಟೆ.

ಜ್ವರ ಇಳಿಯಿತು. ಐದನೆಯ ದಿನ ಕಾಳಿ ಅನ್ನವನ್ನು ಮುಟ್ಟಿತು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಮಾರನೆಯ ಬೆಳಗ್ಗೆ ನಡುಮನೆಯ ಕೆಂಪು ನೆಲದ ನಟ್ಟನಡುವೆ ಒಂದು ಕೆರೆ ನಿಂತಿತ್ತು. ಕಾಯಿಲೆಯ ನಾಯಿ, ಪಾಪ, ಎಂದು ಒರಸಿದೆವು. ಮಧ್ಯಾಹ್ನಕ್ಕೆ ಇನ್ನೊಂದು, ರಾತ್ರಿಗೆ ಎರಡು. ಮೂರನೆಯ ದಿನಕ್ಕೆ 'ಪಾಪ' ಎಂಬ ಮಾತು ಮನೆಯಲ್ಲಿ ಕೇಳಿಬರುವುದು ನಿಂತಿತು. ತಾಯಿಯವರು ಒರಸಿದ ಸ್ಥಳಕ್ಕೆಲ್ಲ ಗಂಜಲವನ್ನು ಚಿಮುಕಿಸಿ ಶುದ್ಧಿಮಾಡಿಸಿದರು. ಕಾಳಿ ಅಲ್ಲಿಗೆ ಬಂದು, ಬಹಳ ಶ್ರದ್ಧೆಯಿಂದ ಮೂಸಿ, ಅದೇ ಸ್ಥಳದಲ್ಲಿ ಕುಳಿತು ಮತ್ತೊಮ್ಮೆ ಮಾಡಿತು. ಮೂತ್ರದ ವಾಸನೆಯಿದ್ದ ಸ್ಥಳ ಮೂತ್ರಕ್ಕೆ ತಕ್ಕ ಸ್ಥಳವೆಂಬುದು ನಾಯಿಯ ಶಾಸ್ತ್ರ. ಅದು ಯಾವ ಪ್ರಾಣಿಯದು, ಎಷ್ಟು ಪವಿತ್ರವಾದುದು ಎಂಬ ವಿಚಾರ ಆ ಶಾಸ್ತ್ರದಲ್ಲಿ ಬರುವುದಿಲ್ಲ. ಮುಂದೆ ಈ ಸಂಗತಿಯನ್ನು ಕೇಳಿ ವೈದ್ಯರು ಮಾತ್ರೆಯ ಚೀಟಿಯನ್ನು ಬರೆಯುವುದನ್ನು ನಿಲ್ಲಿಸಿ ನಕ್ಕರು. ಅಮೋನಿಯ ಬೆರೆತ ದ್ರಾವಣಗಳೂ ಹೀಗೆಯೇ ನಾಯಿಯನ್ನು ಕರೆಯುತ್ತವೆಯಂತೆ. ನಿಂಬೆಹುಳಿ, ವಿನಿಗರ್‌ಗಳಿಂದ ವಾಸನೆ ಹೋದೀತು, ಆದರೆ ಹುಳಿ ಸಿಮೆಂಟನ್ನು ತಿನ್ನುತ್ತದೆ. ಕೆಂಪು ನೆಲದ ಹೊಳಪು ಹೋಗುತ್ತದೆ. ಕಡೆಗೆ ನಾವು ನೆಚ್ಚಿದುದು ಕಿಣ್ವವುಳ್ಳ ದ್ರಾವಣವನ್ನು. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ನೀರಿನಿಂದ ತೊಳೆದು, ಆ ದ್ರಾವಣವನ್ನು ಹೊಯ್ದು ಕಾಲುಗಂಟೆ ಹಾಗೆಯೇ ಬಿಡಬೇಕು. ಹೊಯ್ದೊಡನೆ ಒರಸಿದರೆ ದುಡ್ಡು ದಂಡ.

ಇದೆಲ್ಲ ಆಮೇಲೆ ಕಲಿತುದು. ಅದಕ್ಕೆ ಮೊದಲು ನಾನು ಮಾಡಿದ ಎರಡು ಕೆಲಸಗಳನ್ನು ಹೇಳಬೇಕಾಗಿದೆ.

ಅಂದು ಶುಕ್ರವಾರ. ತಾಯಿಯವರು ಮಡಿಯುಟ್ಟು ದೀಪ ಹಚ್ಚುತ್ತಿದ್ದರು. ಕಾಳಿ ಹಿತ್ತಿಲ ಕಡೆಗೆ ಓಡುತ್ತಿದ್ದುದು, ತಡೆಯಲಾರದೆ, ದೇವರಮನೆಯ ಹೊಸಲಿನ ಮುಂದೆಯೇ ಕುಸಿದು ಬಿಟ್ಟಿತು. ನೀರು ಹರಿದು ರಂಗೋಲಿಯನ್ನು ಕಲಸಿತು. ಹಿಂದಿನ ರಾತ್ರಿ ನಾನು ಮೂರು ಸಲ ಎದ್ದು ನೆಲ ಒರಸಿದ್ದೆ. ಕೈಯಲ್ಲಿ ಅಂದಿನ ವೃತ್ತಪತ್ರಿಕೆ ಇತ್ತು. ಅದನ್ನು ಸುರುಳಿ ಸುತ್ತಿ ಎರಡು ಸಲ ಹೊಡೆದೆ. ಪೆಟ್ಟೇನೂ ಬಲವಾದುದಲ್ಲ, ಕಾಗದದ ಸದ್ದೇ ಹೆಚ್ಚು. ಆದರೆ ನಾಲ್ಕು ವರ್ಷಗಳಲ್ಲಿ ನಾನು ಅದರ ಮೇಲೆ ಕೈಯೆತ್ತಿದುದು ಅದೇ ಮೊದಲು. ಅದು ಓಡಲಿಲ್ಲ, ಕೂಗಲಿಲ್ಲ. ಕಿವಿಗಳನ್ನು ಹಿಂದಕ್ಕೆ ಮಡಿಸಿ, ತಲೆಯನ್ನು ತಗ್ಗಿಸಿ, ಆ ನೀರಿನಲ್ಲಿಯೇ ಮಲಗಿಬಿಟ್ಟಿತು.

"ನೋಡು, ತಪ್ಪು ಮಾಡಿದೆನೆಂದು ಅದಕ್ಕೆ ಗೊತ್ತಿದೆ" ಎಂದೆ ಪತ್ನಿಗೆ. ಅವಳು ಉತ್ತರ ಕೊಡಲಿಲ್ಲ. ದೇವರಮನೆಯೊಳಗಿನಿಂದಲೂ ಮಾತು ಬರಲಿಲ್ಲ. ತಾಯಿಯವರು ಕೂಗಾಡುವರೆಂದು ಎದುರುನೋಡಿದ್ದ ನನಗೆ ಆ ಮೌನ ಸೋಜಿಗವನ್ನುಂಟುಮಾಡಿತು.

ಎರಡನೆಯ ಕೆಲಸ ಅಂದಿನ ರಾತ್ರಿಯದು. ಕುಡಿದರೆ ತಾನೆ ಹೊಯ್ಯುವುದು ಎಂಬ ತರ್ಕದಿಂದ ಏಳು ಗಂಟೆಗೆ ನೀರಿನ ಬೋಗುಣಿಯನ್ನು ಎತ್ತಿ ಅಟ್ಟದ ಮೆಟ್ಟಿಲ ಮೇಲೆ ಇಟ್ಟೆ. ಬೆಳಗ್ಗೆ ನೆಲ ಒಣಗಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಎರಡು ದಿನ ಕಳೆದ ಮೇಲೆ ಮನೆಯಲ್ಲೆಲ್ಲ ದುರ್ವಾಸನೆ. ಹುಡುಕಿದರೆ, ಅಕ್ಕಿಯ ಡಬ್ಬಗಳ ಹಿಂದೆ, ಮನುಷ್ಯರ ಕಣ್ಣಿಗೆ ಬೀಳದ ಕತ್ತಲೆಯ ಮೂಲೆಯಲ್ಲಿ ಕೆರೆ ನಿಂತಿದೆ. ಕಾಳಿ ಬಚ್ಚಲುಮನೆಗೆ ಹೋಗಿ ನೆಲದ ತೇವವನ್ನು ನೆಕ್ಕುತ್ತಿದ್ದುದನ್ನೂ ಅಂದೇ ಕಂಡೆ. ನನ್ನನ್ನು ನೋಡಿದೊಡನೆ ಅದು ಮಂಚದ ಕೆಳಗೆ ಸೇರಿತು.

ಮತ್ತೆ ವೈದ್ಯರಲ್ಲಿಗೆ ಹೋದಾಗ ಅವರು ಕೇಳಿದ ಪ್ರಶ್ನೆಗಳು ವಕೀಲರ ಪಾಟೀಸವಾಲಿನಂತಿದ್ದವು. ಆಗಾಗ ತೊಟ್ಟು ತೊಟ್ಟಾಗಿ ಹೋಗುತ್ತದೆಯೆ, ಒಮ್ಮೆಗೇ ಬಹಳ ಹೋಗುತ್ತದೆಯೆ? ಹೋಗುವಾಗ ನರಳುತ್ತದೆಯೆ? ನಿದ್ದೆಯಲ್ಲಿ ಅದಕ್ಕೇ ತಿಳಿಯದೆ ಹಾಸಿಗೆ ನೆನೆಯುತ್ತದೆಯೆ? ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ? ತೊಟ್ಟು ತೊಟ್ಟಾಗಿ ನೋವಿನಿಂದ ಹೋದರೆ ಮೂತ್ರದ ಸೋಂಕಿನ ಅನುಮಾನ. ಸ್ಟಿರಾಯ್ಡ್ ತೆಗೆದುಕೊಳ್ಳುವ ನಾಯಿಗೆ ಅದು ಸುಲಭವಾಗಿ ತಗಲುತ್ತದೆ. ನಿದ್ದೆಯಲ್ಲಿ ಸೋರುವುದು ಬೇರೊಂದು ಬಗೆ. ಗರ್ಭಕೋಶವನ್ನು ತೆಗೆದ ಹೆಣ್ಣುನಾಯಿಗಳಲ್ಲಿ ಹಲವಕ್ಕೆ ಅದು ಬರುವುದುಂಟು, ಅದಕ್ಕೆ ಔಷಧವೂ ಬೇರೆ. ನಮ್ಮದು ಇವೆರಡೂ ಅಲ್ಲವೆಂದು ಮೂತ್ರಪರೀಕ್ಷೆಯಿಂದಲೂ ನನ್ನ ಉತ್ತರಗಳಿಂದಲೂ ಸ್ಪಷ್ಟವಾಯಿತು. ನೀರಿನ ಲೆಕ್ಕವನ್ನು ಮಾತ್ರ ನಾನು ಹೇಳಲಾರದೆ ಹೋದೆ. ಅಳತೆಯ ಗೆರೆಗಳಿರುವ ಸೀಸೆಯಿಂದ ಹೊಯ್ದು ಒಂದು ಹಗಲು ಒಂದು ರಾತ್ರಿ ಅಳೆದು ಬನ್ನಿ ಎಂದರು. ಅಳೆದೆ: ಎರಡು ಲೀಟರು! ಕಾಳಿಯ ತೂಕ 14 ಕಿಲೋ. ಆರೋಗ್ಯವಾಗಿರುವ ನಾಯಿಗೆ ಕಿಲೋ ಒಂದಕ್ಕೆ 50-60 ಮಿಲಿಲೀಟರು ಸಾಕು. 100ನ್ನು ಮೀರಿದರೆ ಅದು ಅಸಹಜ. ನಮ್ಮದು 140ನ್ನು ದಾಟಿತ್ತು.

"ಕುಡಿಯುವುದರಿಂದ ಹೋಗುತ್ತಿರುವುದಲ್ಲ ಸಾರ್, ಹೋಗುವುದರಿಂದ ಕುಡಿಯುತ್ತಿರುವುದು" ಎಂದರು ವೈದ್ಯರು. ನೀರನ್ನು ಹಿಡಿದಿಡೆಂದು ಮೂತ್ರಪಿಂಡಕ್ಕೆ ಹೇಳುವ ಒಂದು ರಸ ದೇಹದಲ್ಲಿದೆ. ಈ ಮಾತ್ರೆಯಿಂದ ಆ ಮಾತು ಮೂತ್ರಪಿಂಡಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ನೀರು ಸೋರಿಹೋಗುತ್ತದೆ, ಬಾಯಾರುತ್ತದೆ, ಕುಡಿಯುತ್ತದೆ. ಬೋಗುಣಿಯನ್ನು ಎತ್ತಿಟ್ಟರೆ ಸೋರುವುದು ನಿಲ್ಲುವುದಿಲ್ಲ, ದೇಹ ಒಣಗುತ್ತದೆ. ನಾನು ಅಟ್ಟದ ಮೆಟ್ಟಿಲಿನ ವಿಷಯವನ್ನು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ನೀರು ಸದಾ ಅದರ ಮುಂದೆ ಇರಲಿ, ಮಾತ್ರೆಯನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಕೂಡದು, ತಾನು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಅಲ್ಲಿಯವರೆಗೆ ಎರಡೆರಡು ಗಂಟೆಗೊಮ್ಮೆ ಹಿತ್ತಿಲಿಗೆ ಕರೆದೊಯ್ಯಬೇಕು, ಎಂದರು. ಹೊಡೆದ ವಿಷಯವನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ತಪ್ಪು ಮಾಡಿದ ನಾಯಿಯ ಮುಖವೆಂದು ನಾವು ಹೇಳುವ ಆ ಮುಖವನ್ನು ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದಾಳೆ. ತಿನ್ನಬೇಡವೆಂದು ಹೇಳಿ ಒಂದು ತಿನಿಸನ್ನು ತೋರಿಸಿ ಒಡೆಯನು ಹೊರಗೆ ಹೋಗುವುದು. ಅವನು ಇಲ್ಲದಾಗ ಕೆಲವು ನಾಯಿಗಳು ಅದನ್ನು ತಿನ್ನುವಂತೆ, ಕೆಲವು ತಿನ್ನದಂತೆ ಏರ್ಪಾಡು. ಹಿಂದಿರುಗಿದ ಒಡೆಯನಿಗೆ ಕೆಲವು ಸಲ ನಿಜವನ್ನೂ ಕೆಲವು ಸಲ ಸುಳ್ಳನ್ನೂ ಹೇಳುವುದು. ತಗ್ಗಿದ ತಲೆ, ಮಡಿಸಿದ ಕಿವಿ, ಓರೆನೋಟ ಇವು ಕಂಡುಬಂದುದು ತಿಂದ ನಾಯಿಯಲ್ಲಿ ಅಲ್ಲ, ಬಯ್ಗಳನ್ನು ತಿಂದ ನಾಯಿಯಲ್ಲಿ. ಏನೂ ಮಾಡದೆ ಬಯ್ಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚು. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ಹೊಸಲಿನ ಮುಂದೆ ನಾನು ಕಂಡುದು ಕಾಳಿಯ ತಪ್ಪಿನ ಅರಿವನ್ನಲ್ಲ, ನನ್ನ ಮುಖವನ್ನು.

ಹೊಡೆತದಿಂದ ಅದು ಕಲಿತ ಪಾಠವೂ ಸ್ಪಷ್ಟವಾಗಿಯೇ ಇತ್ತು: ಇವನ ಕಣ್ಣಿಗೆ ಬೀಳುವಂತೆ ಮಾಡಕೂಡದು. ಆದುದರಿಂದಲೇ ಹಿತ್ತಿಲಿಗೆ ಕರೆದೊಯ್ದರೂ ನನ್ನ ಎದುರಿಗೆ ಅದು ಕೂರುತ್ತಿರಲಿಲ್ಲ. ಒಳಕ್ಕೆ ಬಂದು ಡಬ್ಬಗಳ ಹಿಂದೆ ಸೇರುತ್ತಿತ್ತು. ಆ ಪಾಠವನ್ನು ಮರೆಸುವುದಕ್ಕೆ ಹಿಡಿದ ಕಾಲ, ಜ್ವರ ಬಿಡುವುದಕ್ಕೆ ಹಿಡಿದುದಕ್ಕಿಂತ ಹೆಚ್ಚು.

ಇನ್ನು ಹಾಸಿಗೆಯ ವಿಷಯ. ರಾತ್ರಿ ಮಲಗುವ ಕಂಬಳಿ ನೆನೆಯುತ್ತಿದ್ದುದರಿಂದ ಅದರಡಿಗೆ ಏನಾದರೂ ಹಾಸಬೇಕಾಯಿತು. ಅಟ್ಟವನ್ನು ಹುಡುಕಿ ಒಂದು ರಬ್ಬರು ಹಾಸನ್ನು ತಂದೆ. ಎರಡು ವರ್ಷದ ಹಿಂದೆ ತಾಯಿಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾದಾಗ ಅವರ ಮಂಚಕ್ಕೆಂದು ಕೊಂಡುದು ಅದು. ಅವರಿಗೆ ಕಾಣದಂತೆ ನಡುಮನೆಯ ಮೂಲೆಯಲ್ಲಿ ಹಾಸುತ್ತಿದ್ದೆ. ಹಿಂದೆ ಊರುಗೋಲಿನ ಸದ್ದಾಯಿತು.

"ಅದು ನನ್ನದಲ್ಲವೇನೋ?" ಎಂದರು.

ನನಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಬೇರೆ ತರುತ್ತೇನೆಂದು ಏನೋ ತೊದಲಿದೆ.

"ಬೇರೆ ಯಾಕೆ? ಹಾಕು. ಆದರೆ ಬರಿಯ ರಬ್ಬರಿನ ಮೇಲೆ ಕಂಬಳಿ ಹಾಕಬೇಡ. ಒದ್ದೆ ನಿಂತರೆ ತೊಡೆಯೆಲ್ಲ ಉರಿ ಬರುತ್ತೆ. ಮೇಲೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸು. ನೆನೆದಾಗಲೆಲ್ಲ ಬದಲಾಯಿಸು, ಬೆಚ್ಚನೆಯ ನೀರಿನಲ್ಲಿ ಒರಸಿ ಒಣಗಿಸು." ಹೀಗೆ ಹೇಳಿ ತಮ್ಮ ಪೆಟ್ಟಿಗೆಯನ್ನು ತೆಗೆಸಿ ಎರಡು ಹತ್ತಿಯ ಸೀರೆಗಳನ್ನು ಕೊಟ್ಟರು. ಕಾಳಿಯನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಟ್ಟದವರು ಅಂದು ಅದರ ಹಿಂಗಾಲಿನ ಒಳಮಗ್ಗುಲನ್ನು ನನ್ನಿಂದ ಎತ್ತಿಸಿ, ಬಗ್ಗಿ ನೋಡಿದರು. ತೊಗಲು ಕೆಂಪಾಗಿತ್ತು. ನಾವಿಬ್ಬರೂ ಅದನ್ನು ಕಂಡಿರಲಿಲ್ಲ.

ಆಮೇಲೆ ಅವರು ಕುರ್ಚಿಯಲ್ಲಿ ಕುಳಿತು ಹೇಳಿದರು: "ಅವತ್ತು ಅದಕ್ಕೆ ಹೊಡೆದೆಯಲ್ಲ, ಅದು ಓಡುತ್ತಿತ್ತು ಕಣೋ ಹಿತ್ತಿಲಿಗೆ. ಆಗಲಿಲ್ಲ. ನನಗೂ ಹಾಗೇ ಆಗುತ್ತಿತ್ತು. ಕಾಲು ಇಡುವ ಹೊತ್ತಿಗೆ ಮುಗಿದುಹೋಗಿರುತ್ತಿತ್ತು."

ನನಗೆ ಒಂದು ರಾತ್ರಿಯ ನೆನಪಾಯಿತು. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ಬೆಳಗಿನ ಜಾವ ಅವರ ಹಾಸಿಗೆ ನೆನೆದಿತ್ತು. ನಾನು ಬದಲಾಯಿಸಿದೆ. ಬದಲಾಯಿಸುತ್ತ, "ಒಂದು ಸಲ ಕರೆಯಬಾರದಾಗಿತ್ತೇ ಅಮ್ಮ" ಎಂದೆ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಧ್ವನಿಯಲ್ಲಿ ಇತ್ತು; ಅದು ನನಗೆ ಆಗಲೇ ಗೊತ್ತಿತ್ತು. ಅಂದಿನಿಂದ ಅವರ ಹಾಸಿಗೆ ಮತ್ತೆ ನೆನೆಯಲಿಲ್ಲ. ಗುಣವಾಯಿತೆಂದು ರಬ್ಬರು ಹಾಸನ್ನು ಅಟ್ಟಕ್ಕೆ ಹಾಕಿದ್ದೆವು.

"ಗುಣವಾಗಲಿಲ್ಲವೇನಮ್ಮ ಆಗ?" ಎಂದು ಕೇಳಿದೆ.

"ಮಧ್ಯಾಹ್ನ ಮೂರರ ಮೇಲೆ ನೀರು ಕುಡಿಯುವುದನ್ನು ಬಿಟ್ಟೆ. ಅಷ್ಟೆ" ಎಂದರು.

ಕಳೆದ ಬೇಸಗೆಯಲ್ಲಿ ಅವರಿಗೆ ಮೂತ್ರದ ಸೋಂಕಾಗಿ, ನಿತ್ರಾಣದಿಂದ ಮಾತು ತಪ್ಪಿ, ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಗಿತ್ತು. ನೀರು ಏಕೆ ಇಷ್ಟು ಕಡಮೆ ಕುಡಿಯುತ್ತಾರೆಂದು ಅಲ್ಲಿ ಕೇಳಿದಾಗ, ವಯಸ್ಸಾಯಿತಲ್ಲ, ಬಾಯಾರಿಕೆ ತಿಳಿಯುವುದಿಲ್ಲವೆಂದು ನಾನೇ ಉತ್ತರ ಕೊಟ್ಟಿದ್ದೆ. ಕಾಳಿಯ ಬೋಗುಣಿಯನ್ನಾದರೂ ಎತ್ತಿಟ್ಟುದು ನನ್ನ ಕೈ. ಎತ್ತಿಟ್ಟುದು ನನಗೆ ಗೊತ್ತಿತ್ತು.

ಆ ದಿನದಿಂದ ಮನೆಯಲ್ಲಿ ಕೆಲವು ಏರ್ಪಾಡುಗಳಾದವು. ಕಾಳಿಗೆಂದು ನಡುಮನೆಯಿಂದ ಹಿತ್ತಿಲವರೆಗೆ ರಾತ್ರಿಯೆಲ್ಲ ಸಣ್ಣ ದೀಪ. ಬಚ್ಚಲಿನ ದಾರಿಯೂ ಅದೇ ಆದುದರಿಂದ ಗೋಡೆಗೆ ಒಂದು ಹಿಡಿಕಂಬಿಯನ್ನೂ ಹಾಕಿಸಿದೆವು; ಅದು ಕಾಳಿಗಲ್ಲವೆಂದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಅಲಾರಮು ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ. ನಾನು ಹಿತ್ತಿಲಲ್ಲಿ ಕಾಳಿಯ ಕಡೆಗೆ ಬೆನ್ನು ಮಾಡಿ ನಿಲ್ಲುವುದನ್ನು ಕಲಿತೆ. ನೋಡದೆ ಇದ್ದರೆ ಅದು ಕೂರುತ್ತಿತ್ತು. ಕೂತು ಎದ್ದೊಡನೆ, ಅಲ್ಲಿಯೇ, ಮೆಲ್ಲನೆ ಹೆಸರಿಟ್ಟು ಕರೆದು ರೊಟ್ಟಿಯ ಚೂರು. ಒಳಗೆ ಬಂದಮೇಲೆ ಕೊಟ್ಟರೆ ಒಳಗೆ ಬಂದುದಕ್ಕೆ ಬಹುಮಾನವೆಂದು ತಿಳಿಯುತ್ತದೆ. ಹತ್ತು ದಿನವಾದ ಮೇಲೆ ಒಂದು ರಾತ್ರಿ ನನ್ನ ಎದುರಿಗೇ, ನನ್ನ ಮುಖವನ್ನೇ ನೋಡುತ್ತ ಕೂತಿತು. ಆ ಗಳಿಗೆಯಲ್ಲಿ ನನಗಾದ ಆನಂದವನ್ನು ವಿವರಿಸಿದರೆ ವಾಚಕರು ನನ್ನ ಬುದ್ಧಿಯನ್ನು ಶಂಕಿಸಿಯಾರು.

ಸ್ಟಿರಾಯ್ಡ್ ಮಾತ್ರೆ ಅರ್ಧವಾಯಿತು, ಕಾಲಾಯಿತು, ದಿನ ಬಿಟ್ಟು ದಿನವಾಯಿತು, ನಿಂತಿತು. ಅದರೊಡನೆ ನೀರಿನ ಲೆಕ್ಕವೂ ಇಳಿಯಿತು: ಎರಡು ಲೀಟರಿನಿಂದ ಒಂದೂವರೆಗೆ, ಒಂದಕ್ಕೆ, ಕಡೆಗೆ ಮುಕ್ಕಾಲಿಗೆ. ಪ್ಲೇಟ್‌ಲೆಟ್ ಕಣಗಳು ಎರಡು ಲಕ್ಷವನ್ನು ಮುಟ್ಟಿದವು. ನಡುವೆ ನೆಂಟರು ಬಂದ ದಿನ ಗಲಾಟೆಗೆ ಬೆದರಿ ಒಮ್ಮೆ ನಡುಮನೆಯಲ್ಲಿ ಆಯಿತು. ಪತ್ನಿ ಬಟ್ಟೆಯನ್ನು ತಂದಳು, ನಾನು ದ್ರಾವಣವನ್ನು ತಂದೆ, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು. ಕೆಂಪು ನೆಲದಲ್ಲಿ ದೇವರಮನೆಯ ಮುಂದೆ ಒಂದು ಅಂಗೈಯಗಲ ಹೊಳಪು ಮಾಸಿದೆ. ನನ್ನ ಮೊದಲಿನ ನಿಂಬೆಹುಳಿಯ ಪ್ರಯೋಗದ ಗುರುತು ಅದು. ತಾಯಿಯವರು ಅದರ ಮೇಲೆಯೇ ರಂಗೋಲಿ ಹಾಕಿಸುತ್ತಾರೆ.

ಕಾಳಿ ಈಗ ಬೆಳಗಿನವರೆಗೆ ನಿದ್ದೆ ಮಾಡುತ್ತದೆ. ಎರಡು ಗಂಟೆಯ ಅಲಾರಮನ್ನು ಮಾತ್ರ ನಾನು ತೆಗೆದಿಲ್ಲ. ನಿನ್ನೆಯ ರಾತ್ರಿ ಎದ್ದು ಬಂದಾಗ ಅದು ಒಂದು ಕಣ್ಣನ್ನು ತೆರೆದು ನೋಡಿ, ತನ್ನ ಸರದಿಯಲ್ಲವೆಂದು ಮತ್ತೆ ಮುಚ್ಚಿಕೊಂಡಿತು. ತಾಯಿಯವರ ಕೋಣೆಯಲ್ಲಿ ಬಳೆಯ ಸದ್ದಾಯಿತು.

"ಕಾಳಿಗೆ ಆಯಿತೇನೋ?" ಎಂದರು.

"ಅದು ಮಲಗಿದೆ ಅಮ್ಮ."

"ಹಾಗಾದರೆ ನನ್ನ ಕೈ ಹಿಡಿ. ಬಂದಮೇಲೆ ಆ ಚೊಂಬನ್ನು ಇತ್ತ ಕೊಡು, ಬಾಯಾರುತ್ತಿದೆ."

ಶಾಸನಗಳ ಲೇಖನವನ್ನು ಬರುವ ತಿಂಗಳು ತಪ್ಪದೆ ಕಳುಹಿಸುತ್ತೇನೆಂದು ಸಂಪಾದಕರಿಗೆ ವಿಜ್ಞಾಪಿಸಿಕೊಳ್ಳುತ್ತೇನೆ.